ಕಿಸೆಯ ಮೇಲಿನ ಕೈ

ಪಟ್ಟಿ ಹಣೆಗೆ ತಾಗಿದಾಗ ಬಟ್ಟೆಯಷ್ಟೇ ಮೆತ್ತಗಿತ್ತು. ಎಲೆಕ್ಟ್ರಿಶಿಯನ್ ಫಕ್ಕೀರಪ್ಪ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ. ತೊಡೆಯ ಮೇಲಿದ್ದ ಅವನ ಬೆರಳುಗಳು ತಾವಾಗಿಯೇ ಅಲುಗತೊಡಗಿದವು. ಕಾಣದ ಸ್ಕ್ರೂ ಬಿಗಿದವು, ಕಾಣದ ತಂತಿ ಸುಲಿದವು. ಒಮ್ಮೆ ಬಲಗೈ ಎದೆಯವರೆಗೆ ಏರಿ, ಅಲ್ಲಿ ಅರೆಕ್ಷಣ ತಡೆದು, ಸೋತಂತೆ ಕೆಳಗಿಳಿಯಿತು. ಪರದೆ ನೋಡುತ್ತಿದ್ದ ಡಾ. ನಿರುಪಮಾ ಸೋಸಲೆ ‘ಒಂದು ರೂಢಿ ಅಳಿಯಿತು’ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು.

ಆ ವರ್ಷ ವಿದ್ಯುತ್ ಸುರಕ್ಷತಾ ನಿಯಮಗಳು ಮೂರು ಬಾರಿ ಬದಲಾಗಿದ್ದವು. ಮನೆಮನೆಯ ಮಾಳಿಗೆಯಿಂದ ಸೌರವಿದ್ಯುತ್ತು ಜಾಲಕ್ಕೆ ಹಿಂದಿರುಗಿ ಹರಿಯುತ್ತಿದ್ದ ಕಾಲ ಅದು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆಯಿಂದ ಬರುತ್ತಿತ್ತು. ಸುತ್ತೋಲೆ, ಶಿಬಿರ, ಪರೀಕ್ಷೆ ಎಲ್ಲವೂ ಸೋತಿದ್ದವು. ಎಲೆಕ್ಟ್ರಿಶಿಯನ್ನರು ಹೊಸ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು, ಅವಸರದಲ್ಲಿ ಕೈ ಮಾತ್ರ ಹಳೆಯದನ್ನೇ ಮಾಡುತ್ತಿತ್ತು. ಬಾಯಿಯಿಂದ ಕಲಿತದ್ದು ಅವಸರಕ್ಕೆ ಒದಗುವುದಿಲ್ಲ ಎಂಬುದೇ ನಿರುಪಮಾಳ ಸಂಶೋಧನೆಯ ಮೊದಲ ವಾಕ್ಯ. ಕೈಗೆ ತನ್ನದೇ ನೆನಪಿದೆ; ಅದನ್ನು ಅವಳು ಹಸ್ತಸ್ಮೃತಿ ಎಂದು ಕರೆದಳು. ಹಣೆಗೆ ಕಟ್ಟುವ ಅವಳ ಪಟ್ಟಿ ಹದಿನೆಂಟು ನಿಮಿಷದಲ್ಲಿ ಹೊಸ ನಿಯಮವನ್ನು ಹಸ್ತಸ್ಮೃತಿಯಲ್ಲಿ ಊರಿ, ಅದಕ್ಕೆ ವಿರುದ್ಧವಾದ ರೂಢಿಯನ್ನು ಅಳಿಸುತ್ತಿತ್ತು. ಮೊದಲು ಪ್ರಯೋಗ ನಡೆದ ಮೂರು ಊರುಗಳಲ್ಲಿ ಅಪಘಾತ ನಿಂತೇಹೋಯಿತು. ಅವು ಚಿಕ್ಕ ಊರುಗಳು, ಎಲ್ಲರದೂ ಒಂದೇ ದಿನದಲ್ಲಿ ಮುಗಿದಿತ್ತು. ಹುಬ್ಬಳ್ಳಿಗೆ ಹದಿನೈದು ದಿನ ಬೇಕಿತ್ತು.

ಹೊರಗೆ ಬೆಂಚಿನ ಮೇಲೆ ಮೌಲಾಸಾಬ ಕಾಯುತ್ತಿದ್ದ. ಮೂವತ್ತೊಂದು ವರ್ಷದಿಂದ ಇಬ್ಬರದೂ ಜೋಡಿ ಕೆಲಸ.

“ಏನಲೇ ಫಕ್ಕೀರ್ಯಾ, ತಲಿ ತೊಳಕೊಂಡು ಬಂದ್ಯಾ? ನನ್ನ ಹೆಸರರ ನೆನಪೈತೋ ಇಲ್ಲೋ?”

“ನೀ ಯಾರೋ ಮುದುಕ?” ಎಂದು ಫಕ್ಕೀರಪ್ಪ ಗಂಭೀರವಾಗಿ ಕೇಳಿದ. ಗೆಳೆಯನ ಮುಖ ಇಳಿದದ್ದನ್ನು ನೋಡಿ ನಕ್ಕ. “ನಿನ್ನ ಮದುವ್ಯಾಗ ಉಂಡಿದ್ದು ಇನ್ನೂ ಕರಗಿಲ್ಲೋ, ಮರೀತೀನೇನು?”

“ನಿಮ್ಮ ಸರದಿ ಗುರುವಾರ, ಮೌಲಾಸಾಬ್ರೇ,” ಎಂದಳು ನಿರುಪಮಾ.

“ಬರ್ತೀನ್ರಿ ಅಕ್ಕಾರ.” ತರಬೇತಿ ಕೊಡುವವಳೆಂದು ಅವರೆಲ್ಲ ಅವಳನ್ನು ಶಾಲೆಯ ಟೀಚರನ್ನು ಕರೆದಂತೆ ಅಕ್ಕಾರ ಎನ್ನುತ್ತಿದ್ದರು. “ಹಳೇದು ಎಲ್ಲಿಗೆ ಹೋಗತೈತ್ರಿ?”

“ಎಲ್ಲೂ ಹೋಗಲ್ಲ. ಇಲ್ಲದ ಹಾಗೆ ಆಗುತ್ತೆ. ಅಪಾಯದ್ದು ಮಾತ್ರ.”

“ಯಾವ್ದು ಅಪಾಯದ್ದು ಅಂತ ಯಾರು ಹೇಳತಾರ?”

“ನಿಯಮ.”

ಮೌಲಾಸಾಬ ಎದ್ದು ಫಕ್ಕೀರಪ್ಪನ ಹೆಗಲ ಮೇಲೆ ಕೈಯಿಟ್ಟು ಹೊರಟ.

ಸೋಮವಾರ ಇಬ್ಬರೂ ಒಂದು ಹಳೆಯ ಹತ್ತಿ ಗಿರಣಿಗೆ ಹೋದರು. ಮೋಟರ್ ಒಂದು ಸುಟ್ಟಿತ್ತು. ಮೌಲಾಸಾಬ ಅದರ ಬಳಿ ಕುಳಿತ. ಫಕ್ಕೀರಪ್ಪ ನಲವತ್ತು ಹೆಜ್ಜೆ ಆಚೆ ಮೇನ್ ಬೋರ್ಡಿನ ಹತ್ತಿರ ನಿಂತ. ನಡುವೆ ಉಳಿದ ಯಂತ್ರಗಳ ಗದ್ದಲ, ಕೂಗಿದರೂ ಕೇಳದು. ಇಂಥ ಜಾಗಗಳಿಗಾಗಿಯೇ ಅವರಲ್ಲೊಂದು ಪದ್ಧತಿ ಬೆಳೆದಿತ್ತು. ಲೈನ್ ತೆಗೆದವನು, ಅಂದರೆ ವಿದ್ಯುತ್ ಕಡಿದವನು, ಪಿಂಗಾಣಿ ಫ್ಯೂಸನ್ನು ಕಿತ್ತು, ಬೇರೆ ಯಾರೂ ಮತ್ತೆ ಹಾಕದಂತೆ ತನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ತಿರುಗಿ, ಕಿಸೆಯನ್ನು ಎರಡು ಸಲ ತಟ್ಟಬೇಕು. ಆಗ ಇನ್ನೊಬ್ಬ ತಂತಿ ಮುಟ್ಟುತ್ತಿದ್ದ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದರ ಬಗ್ಗೆ ಅವರಿಬ್ಬರು ಒಂದು ಸಲವೂ ಮಾತಾಡಿರಲಿಲ್ಲ.

ಫಕ್ಕೀರಪ್ಪನ ಹೊಸ ಕೈ ನಿಯಮದಂತೆಯೇ ನಡೆಯಿತು. ಲೈನ್ ತೆಗೆಯಲು ಜಾಲಕ್ಕೆ ಕೋರಿಕೆ ಕಳಿಸಿತು. ಮಣಿಕಟ್ಟಿಗೆ ಕಟ್ಟಿದ ಪುಟ್ಟ ಪರದೆ, ವಿದ್ಯುತ್ ನಿಂತಿತೆಂದು ಹಸಿರಾಗುವವರೆಗೆ ಕಾಯಬೇಕು. ಪರದೆಯಲ್ಲಿ ಏನೋ ಮೂಡಿತು. ಅಕ್ಷರ ಸಣ್ಣವು. ಓದಲೆಂದು ಮೋಟರಿದ್ದ ಕಡೆಯ ಬೆಳಕಿಗೆ ತಿರುಗಿ, ಕನ್ನಡಕಕ್ಕಾಗಿ ಕಿಸೆ ತಟ್ಟಿ ನೋಡಿಕೊಂಡ. ಒಮ್ಮೆ, ಮತ್ತೊಮ್ಮೆ. ಸಿಕ್ಕಿತು. ಹಾಕಿಕೊಂಡು ಓದಿದ: ‘ವಿದ್ಯುತ್ ಇದೆ. ಕಾಯಿರಿ.’

ಅವನು ಕಾದ. ತಲೆಯೆತ್ತಿದಾಗ ಮೋಟರಿನ ಬಳಿ ಕುಳಿತವನು ಕುಳಿತಲ್ಲಿ ಇರಲಿಲ್ಲ.

ಮೌಲಾಸಾಬ ಬದುಕಿದ. ಬಲಗೈಯ ಎರಡು ಬೆರಳು ಹೋದವು. ನಾಲ್ಕನೆಯ ದಿನ ನಿರುಪಮಾ ಆಸ್ಪತ್ರೆಗೆ ಬಂದಾಗ ಫಕ್ಕೀರಪ್ಪ ಮಂಚದ ಪಕ್ಕದಲ್ಲಿದ್ದ.

“ಯಾಕೋ ತಟ್ಟಿದಿ?” ಮೌಲಾಸಾಬನ ದನಿ ಸಣ್ಣದಾಗಿತ್ತು.

“ಏನ್ ತಟ್ಟಿದ್ನಿ?”

“ಕಿಸೆ.”

“ಓದಾಕ ಚಾಳೀಸ ಹುಡುಕಿದ್ನೆಪಾ. ಅದಕ್ಯಾಕ?”

“ಕಿಸೆ ತಟ್ಟಿದ್ರ ಏನಂತ ನಿನಗ ಗೊತ್ತಿಲ್ಲಾ?”

“ಏನು?”

ಮೌಲಾಸಾಬ ಆ ಮುಖವನ್ನೇ ನೋಡಿದ. ಬೆಂಚಿನ ಹತ್ತಿರ ಮಾಡಿದಂತೆ ಇನ್ನೇನು ನಗುತ್ತಾನೆ ಎಂದು ಕಾದ. ಫಕ್ಕೀರಪ್ಪ ನಗಲಿಲ್ಲ. ನಿರುಪಮಾ ತಂದಿದ್ದ ಮೂಸಂಬಿಯ ಚೀಲ ಕೈಯಲ್ಲೇ ಉಳಿಯಿತು.

ಕಚೇರಿಗೆ ಓಡಿ ಬಂದು ಅವಳು ದಾಖಲೆ ತೆರೆದಳು. ‘ಬಲಗೈ, ಎದೆಯೆತ್ತರ, ಎರಡು ತಟ್ಟು. ಪರದೆಯ ಹಸಿರಲ್ಲದೆ ಬೇರೆ ಸನ್ನೆ ನಿಯಮಕ್ಕೆ ವಿರುದ್ಧ. ಅಳಿಸಲಾಗಿದೆ.’ ಕೆಳಗೆ ಅವಳದೇ ಸಹಿ. ಅದರ ಮುಂದೆ ಬೇರೆಯವರಿಂದ ಅಳಿಸಿದ್ದು: ಒಂದು ಕೆಮ್ಮು; ಗೋಡೆಗೆ ಇಕ್ಕಳದ ಮೂರು ಬಡಿತ; ಒಂದು ಶಿಳ್ಳೆ. ಅವಳು ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿದ್ದಳು. ಇವು ಒಬ್ಬೊಬ್ಬರಲ್ಲಿ ಇರಲೇ ಇಲ್ಲ. ಇಬ್ಬರ ನಡುವೆ ಇದ್ದವು. ಊರಿನ ಅರ್ಧ ಕೈಗಳು ಮರೆತಿದ್ದವು. ಉಳಿದರ್ಧ ಇನ್ನೂ ಜೊತೆಗಾರರ ಕಿಸೆಗಳನ್ನು, ಕೆಮ್ಮುಗಳನ್ನು ನಂಬಿಕೊಂಡು ತಂತಿ ಹಿಡಿಯುತ್ತಿದ್ದವು.

ಅಳಿಸಿದ್ದನ್ನು ಮರಳಿ ಬರೆಯುವ ದಾರಿ ಪಟ್ಟಿಗೆ ಇರಲಿಲ್ಲ. ಅವಳು ಅಂದೇ ಊರಿನ ಕೆಲಸವೆಲ್ಲ ನಿಲ್ಲಿಸಿ, ಉಳಿದವರನ್ನು ಬೇಗ ಬೇಗ ಕರೆಸಿದಳು. ತಾನು ತಂದ ಅಪಾಯಕ್ಕೆ ಅಳಿಸುವ ಕೆಲಸವನ್ನೇ ಪೂರ್ತಿ ಮಾಡುವುದರ ಹೊರತು ಬೇರೆ ಮದ್ದಿರಲಿಲ್ಲ.

ಕೊನೆಯವನು ಮೌಲಾಸಾಬ. ಮೂರು ವಾರದ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದ.

“ನಿಮ್ಮದನ್ನು ಉಳಿಸಬಹುದು,” ಎಂದಳು ನಿರುಪಮಾ. “ನಾನು ವಿನಾಯಿತಿ ಬರೆದು ಕೊಡ್ತೀನಿ. ನೀವೇ ಫಕ್ಕೀರಪ್ಪನವರಿಗೆ ಮತ್ತೆ ಕಲಿಸಿ.”

“ಹೇಳಿದ್ನ್ರಿ. ಹೂಂ ಅಂದ. ಬಾಯಿಲೆ ಕಲತದ್ದು ಅವಸರಕ್ಕ ಬರೂದಿಲ್ಲಂತ ನೀವ ಅಲ್ಲೇನ್ರಿ ಹೇಳಿದ್ದು?” ಅವನು ತಾನಾಗಿಯೇ ಕುರ್ಚಿಯಲ್ಲಿ ಕುಳಿತ. “ಅವನ ಕೈ ಎದಿಗಿ ಹೋದ್ರ ಸಾಕು, ನಾ ನಂಬತೀನ್ರಿ ಅಕ್ಕಾರ. ಅದ ಈಗ ಅಪಾಯದ್ದು. ತಗದುಬಿಡ್ರಿ.”

ಹದಿಮೂರನೆಯ ನಿಮಿಷಕ್ಕೆ ಬಟ್ಟೆ ಸುತ್ತಿದ ಕೈ ಮೆಲ್ಲಗೆ ಎದೆಗೇರಿತು. ಎರಡು ಸಲ ತಟ್ಟಿತು. ಬಹಳ ಹೊತ್ತು ಅಲ್ಲೇ ಇತ್ತು. ನಿರುಪಮಾ ಪರದೆ ನೋಡಲಿಲ್ಲ, ಕೈಯನ್ನು ನೋಡಿದಳು. ಅದು ಇಳಿಯಿತು.

ಹೊರಗೆ ಫಕ್ಕೀರಪ್ಪ ಕಾಯುತ್ತಿದ್ದ.

“ಮುಗೀತೇನೋ?”

“ಮುಗೀತು. ತಡೀ, ಗುಳಿಗಿ ಚೀಟಿ ಎಲ್ಲಿ ಇಟ್ಟೆ...” ಮೌಲಾಸಾಬ ಎಡಗೈಯಿಂದ ಕಿಸೆ ತಟ್ಟಿ ನೋಡಿಕೊಂಡ. ಒಮ್ಮೆ, ಮತ್ತೊಮ್ಮೆ.

ಫಕ್ಕೀರಪ್ಪ ಬಸ್ಸು ಬರುವ ದಾರಿಯ ಕಡೆ ನೋಡುತ್ತಿದ್ದ. ಬಾಗಿಲಲ್ಲಿ ಆ ಎರಡು ತಟ್ಟು ಕಂಡ ನಿರುಪಮಾ ಮಾತ್ರ, ಅದರ ಅರ್ಥ ಇನ್ನೂ ನೆನಪಿದ್ದವಳು, ದೀಪ ಆರಿಸಲೆಂದು ಸ್ವಿಚ್ಚಿನ ಮೇಲಿಟ್ಟಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.