ಕಾಸರಕನ ಮರದ ಮೊಳೆ

"ಎಲ್ಲಿ ಬೇಕಾದರೂ ನಡೆದು ಬನ್ನಿ ಸರ್. ಕಲ್ಲುಕೋರೆಯ ಹತ್ತಿರ ಒಂದು ಕಾಸರಕನ ಮರ ಉಂಟು. ಅದಕ್ಕೆ ಹೊಡೆದ ಮೊಳೆಯನ್ನು ಮಾತ್ರ ಮುಟ್ಟಬೇಡಿ."

ಅಜೆಕಾರಿನ ಆ ಅತಿಥಿಗೃಹದ ಒಡತಿ ಕುಶಲಾ ಇಷ್ಟು ಹೇಳುವಷ್ಟರಲ್ಲಿ ತಿಲಕನ ತುಟಿ ಕೊಂಕಿತ್ತು. ಊರೂರು ಸುತ್ತಿ, ಕಂಡದ್ದನ್ನೆಲ್ಲ ಹೀಗಳೆಯುವ ವಿಡಿಯೋಗಳಿಂದಲೇ ಹೆಸರು ಮಾಡಿದವನು ಅವನು. ಕಾಪುವಿನ ದೀಪಸ್ತಂಭ ಅವನಿಗೆ ಪಟ್ಟೆ ಬಳಿದ ಕೊಳವೆ. ಕಾರ್ಕಳದ ಬೆಟ್ಟ ಬರೀ ಮಂಡಿನೋವು.

"ಮೊಳೆಗೂ ಮಡಿಯೋ?" ಎಂದು ನಕ್ಕ.

ಕುಶಲಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಮಗಳು ಯಶ್ಮಿತಾಳ ಕಡೆ ನೋಡಿದಳು. "ಯಾರೋ ಮಾಟ ಮಾಡಿ ಇವಳ ಬಾಯಿ ಕಟ್ಟಿ ಅಲ್ಲಿ ಮೊಳೆ ಹೊಡೆದಿದ್ದಾರೆ. ಮೂರು ವರ್ಷದಿಂದ ಒಂದು ಮಾತಿಲ್ಲ. ನಮ್ಮ ರಕ್ತದವರ ಕೈಗೆ ಅದು ಅಲುಗುವುದಿಲ್ಲ. ಬೇರೆಯವರು ಕಿತ್ತರೆ ಅವರಿಗೇ ಹಿಡಿಯುತ್ತದೆ. ಹಾಗಾಗಿ ಕಿತ್ತುಕೊಡಿ ಎಂದು ಯಾರಲ್ಲಿಯೂ ಕೇಳಲಿಲ್ಲ ನಾನು."

"ಒಳ್ಳೆಯ ಡಾಕ್ಟರಿಗೆ ತೋರಿಸಿ."

"ತೋರಿಸದೆ ಇರುತ್ತೇವಾ ಸರ್?"

ಅವನು ಆಗಲೇ ಬೆನ್ನು ತಿರುಗಿಸಿದ್ದ.

ನಡುಹಗಲು. ಮುರಕಲ್ಲಿನ ದಾರಿ ಕಾದು ಕೆಂಡವಾಗಿತ್ತು. ಕೋರೆಯ ಹೊಂಡದಲ್ಲಿ ಪಾಚಿಗಟ್ಟಿದ ನೀರು. ಕಿವಿಗಡಚಿಕ್ಕುತ್ತಿದ್ದ ಜೀರುಂಡೆಗಳು ಕಾಸರಕನ ಬುಡಕ್ಕೆ ಬರುತ್ತಿದ್ದಂತೆ ಒಮ್ಮೆಲೇ ಸುಮ್ಮನಾದವು. ಸುಟ್ಟ ಕೂದಲಿನ ವಾಸನೆ. ಆಳೆತ್ತರದಲ್ಲಿ ಕರಿನೂಲು ಸುತ್ತಿದ ಗೇಣುದ್ದದ ಮೊಳೆ.

ತಿಲಕ್ ಮೊಬೈಲನ್ನು ಮುಖದೆದುರು ಹಿಡಿದ. "ಗೆಳೆಯರೇ, ಈ ಊರಿನ ಮಹಾ ಆಕರ್ಷಣೆ, ತುಕ್ಕು ಹಿಡಿದ ಒಂದು ಕಬ್ಬಿಣ! ಹಳ್ಳಿಗುಗ್ಗುಗಳು ಇದಕ್ಕೆ ನಡುಗುತ್ತಾರೆ."

ಎಳೆದ. ಬಾಳೆದಿಂಡಿನಿಂದ ಬಂದಂತೆ ಬಂತು. ತೂತಿನಿಂದ ಕಪ್ಪು ರಸ ಒಸರಿತು. ಬೆಚ್ಚಗಿತ್ತು.

"ನೋಡಿದಿರಲ್ಲ, ಏನೂ ಆಗ..."

ಮಾತು ಅಲ್ಲಿಗೇ ನಿಂತಿತು. ಬಾಯಿ ತೆರೆದಿತ್ತು. ನಾಲಗೆ ಇತ್ತು. ದನಿ ಇರಲಿಲ್ಲ. ಕೂಗಿದ. ಗಾಳಿ ಮಾತ್ರ ಹೊರಟಿತು. ಗಂಟಲೊಳಗೆ ಯಾರೋ ನೂಲು ಸುತ್ತುತ್ತಿದ್ದರು. ಒಂದು ಸುತ್ತು. ಇನ್ನೊಂದು. ಮೊಬೈಲು ಹೊಂಡಕ್ಕೆ ಬಿತ್ತು. ಓಡಿದ. ಎಡವಿದ. ಮತ್ತೆ ಓಡಿದ.

ಅಂಗಳದಲ್ಲಿ ಬಟ್ಟೆಗಳು ನೆಲಕ್ಕೆ ಬಿದ್ದಿದ್ದವು. ಯಶ್ಮಿತಾ ತಾಯಿಯನ್ನು ತಬ್ಬಿಕೊಂಡು "ಅಮ್ಮಾ, ಅಮ್ಮಾ" ಎನ್ನುತ್ತಿದ್ದಳು. ಒಡಕು ದನಿ. ಆದರೂ ದನಿ.

ತಿಲಕ್ ಕುಶಲಾಳ ಕಾಲಿಗೆ ಬಿದ್ದ. ಮೊಳೆ ತೋರಿಸಿದ, ಗಂಟಲು ತೋರಿಸಿದ, ಮರದ ಕಡೆ ಕೈ ಮಾಡಿ ಗುದ್ದಿ ತೋರಿಸಿದ. ಮತ್ತೆ ಹೊಡೆಯಿರಿ ಎಂದು ಕಣ್ಣಲ್ಲೇ ಬೇಡಿದ.

ಕುಶಲಾ ಅವನ ಕೈಯಿಂದ ಮೊಳೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

"ನಾನು ಹೇಳಿದ್ದೆ ಸರ್," ಎಂದಳು. ನೇರ ಹಿತ್ತಲಿಗೆ ನಡೆದು ಅದನ್ನು ಹಾಳುಬಾವಿಗೆ ಎಸೆದಳು.

"ಅಮ್ಮಾ, ಅವರು ಎಂತ ಕೇಳುತ್ತಿದ್ದಾರೆ?" ಎಂದಳು ಯಶ್ಮಿತಾ.

"ಎಂತ ಇಲ್ಲ ಮಗಾ. ನೀನು ಮಾತಾಡು."

ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಕುಶಲಾ ಬಾಗಿಲು ಹಾಕಿಕೊಂಡಳು.