ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು

"ಬಾಗ್ಲು ತೆಗೀರಿ! ನಮ್ ಲಕ್ಕಯ್ಯನ್ನ ಏನ್ ಮಾಡ್ಬುಟ್ರಿ?"

ಬಾಳ್ಳುಪೇಟೆಯ ಆ ಪುಟ್ಟ ಆಸ್ಪತ್ರೆಯ ಮುಂದೆ ಕಾಫಿ ಎಸ್ಟೇಟಿನ ಕೂಲಿ ಲೈನಿನ ಜನವೆಲ್ಲ ಕೂಗಾಡುತ್ತಿತ್ತು. ಲೈನಿನಲ್ಲಿ ಒಬ್ಬರು ಮಲಗಿದರೆ ಉಳಿದವರೆಲ್ಲ ಟ್ರ್ಯಾಕ್ಟರ್ ಹತ್ತಿ ಬಂದುಬಿಡುತ್ತಾರೆ, ಅದು ಅಲ್ಲಿಯ ರೂಢಿ. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ಮೇಲಿಂದ ಬಿದ್ದ ಲಕ್ಕಯ್ಯನನ್ನು ಒಳಗೆ ಕರೆದೊಯ್ದು ಬಹಳ ಹೊತ್ತಾಗಿತ್ತು. ಚಿಕಿತ್ಸೆ ಮುಗಿಯೋವರೆಗೆ ಹೊರಗೆ ಏನೂ ಹೇಳಬೇಡಿ ಅಂತ ಡಾಕ್ಟರ ಕಟ್ಟಪ್ಪಣೆ. ಏನೂ ಹೇಳುತ್ತಿಲ್ಲ ಅಂದರೆ ಜೀವ ಹೋಗಿದೆ ಅಂತಲೇ ಜನ ತಿಳಿದರು!

ಫಳಾರ್! ಕಿಟಕಿ ಗಾಜು ಒಡೆಯಿತು.

ನರ್ಸ್ ಸುಚಿತ್ರಾ ಬಾಗಿಲಿಗೆ ಓಡಿದಳು. ಎದುರಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರವಿಚಂದ್ರ! ಒಂದು ಕ್ಷಣ ಅವಳನ್ನೇ ನೋಡಿದ. ಮರುಕ್ಷಣ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿಬಿಟ್ಟ.

'ಅಯ್ಯೋ ದೇವರೇ... ನಮ್ಮನ್ನ ಕೂಡಿಹಾಕಿಬಿಟ್ಟ!'

ಪೊಲೀಸರು ಬಂದಾಗ ಅವಳು ಬೆರಳು ಮಾಡಿ ತೋರಿಸಿದ್ದು ಅವನನ್ನೇ. ಅವನೇನೋ ಹೇಳಲು ಬಾಯಿ ತೆರೆದ. ಇವಳು ಮುಖ ತಿರುಗಿಸಿದಳು.

ಬೆಳಗ್ಗೆ ಲಕ್ಕಯ್ಯ ಕಣ್ಣು ಬಿಟ್ಟ. ಸುಚಿತ್ರಾ ಮಾತ್ರ ತನ್ನ ಕೋಣೆಯಲ್ಲಿ ಬಟ್ಟೆಬರೆ ಕಟ್ಟುತ್ತಿದ್ದಳು. 'ಸಾಕಪ್ಪಾ ಸಾಕು, ಈ ಕೆಲಸವೇ ಬೇಡ. ನಮ್ಮೂರು ಪಾಳ್ಯಕ್ಕೆ ಹೋಗಿ ಅಪ್ಪನ ಮನೇಲಿ ಇರ್ತೀನಿ.'

"ರೈಟರಪ್ಪನ್ನ ಯಾಕವ್ವಾ ಹಿಡ್ಕೊಟ್ಟೆ?" ಲಕ್ಕಯ್ಯನ ಹೆಂಡತಿ ಕೆಂಚಮ್ಮ ಬಂದು ಕೇಳಿದಳು. "ಗಾಜು ಒಡೆದೋರು ನಮ್ಮೋರು. ಅವ್ನು ಬಾಗ್ಲಿಗೆ ಬೆನ್ನು ಕೊಟ್ಟು, ಮೊದ್ಲು ನನ್ನ ಹೊಡೀರೋ ಅಂತ ನಿಂತಿದ್ದ. ಹೊಡ್ತಾನೂ ತಿಂದ!"

ಸುಚಿತ್ರಾ ಕಟ್ಟುತ್ತಿದ್ದ ಗಂಟನ್ನು ಅಲ್ಲೇ ಬಿಟ್ಟಳು.

ಪೊಲೀಸ್ ಸ್ಟೇಷನ್ನಿಗೆ ಓಡಿದಳು. "ತಪ್ಪು ನಂದೇ ಸರ್, ಅವರನ್ನ ಬಿಟ್ಟುಬಿಡಿ" ಅಂತ ಕೈಮುಗಿದು ನಿಂತಳು. ರವಿಚಂದ್ರ ಹೊರಬಂದ. ಭುಜ ಊದಿಕೊಂಡಿತ್ತು.

"ಯಾಕ್ರೀ ಹೇಳಲಿಲ್ಲ?"

"ಹೇಳಕ್ಕೆ ಬಿಟ್ರೆ ತಾನೇ!"

ಅವಳಿಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು.

"ಕ್ಷಮಿಸಿ... ನಾನು ಕೆಲಸ ಬಿಟ್ಟು ಹೋಗ್ತಿದೀನಿ. ಹೆದರಿಕೆ ಆಗುತ್ತೆ."

"ಹೋಗ್ಬೇಡಿ ಕಣ್ರೀ! ಇನ್ಮೇಲೆ ಇಂಥ ಕೇಸ್ ಬಂದಾಗ ನಮ್ಮೋರಲ್ಲಿ ಒಬ್ರನ್ನ ಒಳಗೆ ಕೂರಿಸ್ಕೊಳ್ಳಿ. ನೀವು ಆಗಾಗ ಬಂದು ಇದ್ದಿದ್ದು ಇದ್ದಂಗೆ ಹೇಳಿ. ಹೊರಗಡೆ ನಾನಿರ್ತೀನಿ."

ಡಾಕ್ಟರೂ ಗೊಣಗಿಕೊಂಡೇ ಒಪ್ಪಿದರು. ಆದರೂ ಸುಚಿತ್ರಾಗೆ ಧೈರ್ಯವಿಲ್ಲ. ಇನ್ನೊಂದು ಸಲ ಗಲಾಟೆಯಾದರೆ ಹೊರಟೇಬಿಡುವುದು ಅಂತ ನಿಶ್ಚಯಿಸಿದ್ದಳು.

ಕಾಫಿ ಕುಯ್ಲಿನ ಕಾಲಕ್ಕೆ ಮತ್ತೆ ಟ್ರ್ಯಾಕ್ಟರ್ ಬಂತು. ಲೈನಿನ ಈರಮ್ಮನಿಗೆ ತೋಟದಲ್ಲಿ ಹಾವು ಕಚ್ಚಿತ್ತು. ಅಂಗಳದ ತುಂಬ ಜನ! ಕೆಂಚಮ್ಮನನ್ನು ಈರಮ್ಮನ ತಲೆದೆಸೆಯಲ್ಲಿ ಕೂರಿಸಿ, ಸುಚಿತ್ರಾ ತಾನೇ ಹೊರಗೆ ಬಂದಳು.

"ಔಷಧಿ ಹಾಕಿದೀವಿ. ಉಸಿರಾಡ್ತಿದಾರೆ. ಬದುಕ್ತಾರೆ ಅಂತ ಈಗಲೇ ಹೇಳೋಕಾಗಲ್ಲ... ಮತ್ತೆ ಬಂದು ಹೇಳ್ತೀನಿ."

ಹೇಳಿದಂತೆಯೇ ಮತ್ತೆ ಬಂದಳು, ಮತ್ತೂ ಬಂದಳು. ಜನ ಗುಸುಗುಸು ಅಂದರು, ಅತ್ತರು. ಒಬ್ಬರೂ ಕಲ್ಲು ಎತ್ತಲಿಲ್ಲ. ಸಂಜೆ ಈರಮ್ಮ ಎದ್ದು ಕೂತು ನೀರು ಕೇಳಿದಳು. ಯಾರೋ ಮುದುಕಿ ಓಡಿಬಂದು ಸುಚಿತ್ರಾಳ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಅಬ್ಬಾ! ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತ ಸುಚಿತ್ರಾಳ ಪಕ್ಕ ರವಿಚಂದ್ರನೂ ಬಂದು ಕೂತ.

"ಊರಿಗೆ ಹೋಗೋ ಮಾತು ಇನ್ನೂ ಐತಾ?"

"ಭಾನುವಾರ ಹೋಗ್ತೀನಿ."

ಪಾಪ, ಅವನ ಮುಖ ಬಾಡಿಹೋಯಿತು. "ನಂಗೆ ನೀವಂದ್ರೆ ಇಷ್ಟ... ಅದನ್ನ ಹೇಳೋಕೂ ಬಿಡಲ್ವಾ?"

"ಅದಕ್ಕೇ ಹೋಗ್ತಿರೋದು. ನೀವೂ ಬನ್ನಿ, ಅಪ್ಪನ ಹತ್ರ ನೀವೇ ಮಾತಾಡಬೇಕು."

"ಏನಂತ?"

ಸುಚಿತ್ರಾ ಮೊದಲ ಸಲ ಅವನ ಕೈ ಹಿಡಿದಳು.

"ನಿಮ್ಮ ಮಗಳು ಕೆಲಸ ಬಿಡಲ್ಲ, ನಾನು ಅವಳನ್ನ ಬಿಡಲ್ಲ ಅಂತ."