ತಣ್ಣೀರಕ್ಕನ ದನಿ

"ಒಂದೇ ಒಂದು ಸಲ ನಿನ್ನ ದನಿ ನಡುಗಬೇಕು, ನಾನು ಕೇಳಬೇಕು," ಎಂದ ಕ್ರೇನಿನವನು, ಊಟದ ಹೊತ್ತಿನಲ್ಲಿ ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ಮೆಲ್ಲನೆ ಎಳೆಯುತ್ತಾ.

"ನಡುಗಿದ್ರೆ ನಿನ್ನ ಕಬ್ಬಿಣದ ಕಟ್ಟು ಯಾರ ತಲೆ ಮೇಲೆ ಇಳಿಯುತ್ತೋ!" ಅವಳು ಕಣ್ಣಿನಲ್ಲೇ ನಕ್ಕಳು. ಆ ನಗುವಿಗಾಗಿಯೇ ಅವನು ಅಷ್ಟುದ್ದದ ಏಣಿ ಇಳಿದು ದಿನಾ ಊಟಕ್ಕೆ ಬರುತ್ತಿದ್ದ.

ಕಟ್ಟಡದ ಕೆಲಸದಲ್ಲಿ ಅವನ ಜಾಗ ಮೇಲೆ, ಕ್ರೇನಿನ ಗಾಜಿನ ಕೋಣೆ. ಅವಳದು ಕೆಳಗೆ, ವಾಕಿ-ಟಾಕಿ ಹಿಡಿದು ದಾರಿ ಹೇಳುವುದು. "ಎಡಕ್ಕೆ... ಇನ್ನೂ ಎಡಕ್ಕೆ... ನಿಲ್ಲಿಸು." ಆರು ವರ್ಷದಲ್ಲಿ ಆ ದನಿ ಏರಿದ್ದಿಲ್ಲ, ಇಳಿದಿದ್ದಿಲ್ಲ. ಸೈಟಿನವರು ತಣ್ಣೀರಕ್ಕ ಎಂದು ಹೆಸರಿಟ್ಟಿದ್ದರು. ಅನ್ನಲಿ ಬಿಡಿ! ಹೆದರಿಕೆ, ಸಿಟ್ಟು ಎರಡನ್ನೂ ನುಂಗಿಕೊಳ್ಳುವುದನ್ನು ಅವಳು ಕಷ್ಟಪಟ್ಟು ಕಲಿತಿದ್ದಳು. ಸಂಜೆ ಎಲ್ಲರೂ ಕೈಕಾಲು ನೆಟ್ಟಗಿದ್ದು ಮನೆಗೆ ಹೊರಟರೆ ಅವಳ ಜೀವಕ್ಕೆ ತೃಪ್ತಿ. ಈಚೆಗೆ ಆ ತೃಪ್ತಿಯೊಳಗೆ ಇವನೂ ಸೇರಿಕೊಂಡಿದ್ದ. ಮದುವೆಯಾಗೋಣವೇ ಎಂದು ಅವನು ಕೇಳಿ ವಾರವಾಗಿತ್ತು. ಇವತ್ತು ಸಂಜೆ ಹೂಂ ಅನ್ನಬೇಕೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು.

ಊಟವಾದ ಮೇಲೆ, ನಾಲ್ವರು ಕೆಲಸಗಾರರಿದ್ದ ಕಡೆಗೆ ಕಬ್ಬಿಣದ ಕಟ್ಟು ಇಳಿಯುತ್ತಿತ್ತು. ಅರ್ಧದಲ್ಲೇ ನಿಂತು ಗಾಳಿಗೆ ತೂಗಾಡತೊಡಗಿತು.

"ಕ್ರೇನ್, ಕೇಳಿಸ್ತಾ?"

ಉತ್ತರವಿಲ್ಲ. ಮತ್ತೆ ಕರೆದಳು. ಮೂರನೆಯ ಸಲವೂ ಸದ್ದಿಲ್ಲ. ಮೇಲೆ ಕೂತಲ್ಲೇ ಸತ್ತುಹೋದನೇ? ಅವಳ ಜೀವ ಬಾಯಿಗೆ ಬಂತು. ದನಿ ಮಾತ್ರ ಅದೇ ದನಿ. "ಎಲ್ಲರೂ ಹಿಂದಕ್ಕೆ ಬನ್ನಿ. ಯಾರಾದ್ರೂ ಏಣಿ ಹತ್ತಿ." ಸೈರನ್ ಒತ್ತಿದಳು. ಓಡುವ ಗಡಿಬಿಡಿಯಲ್ಲಿ ವಯಸ್ಸಾದ ಮೇಸ್ತ್ರಿ ಎಡವಿಬಿದ್ದು ಮುಂಗೈ ಮುರಿದುಕೊಂಡರು.

ಆಗ ಅವಳ ಇಯರ್‌ಫೋನಿನಲ್ಲಿ ನಗು ಕೇಳಿಸಿತು. "ಅಬ್ಬಾ, ಎಂಥಾ ಗಟ್ಟಿಗಿತ್ತಿ ನೀನು! ನಾನು ಸತ್ರೂ ನಡುಗಲ್ವಲ್ಲ!"

ಸೇಫ್ಟಿ ಆಫೀಸರ್ ಇಬ್ಬರನ್ನೂ ಕೋಣೆಗೆ ಕರೆಸಿದರು. "ವಾಕಿ-ಟಾಕಿ ಕೆಟ್ಟಿತ್ತು ಅಂತಾನೆ. ಹೌದೇನಮ್ಮಾ?"

ಹೌದು ಎಂದರೆ ಅಲ್ಲಿಗೇ ಮುಗಿಯಿತು. ಇಲ್ಲ ಎಂದರೆ ಅವನು ಇನ್ನೆಂದೂ ಕ್ರೇನ್ ಹತ್ತುವಂತಿಲ್ಲ. ಅವನು ಅವಳನ್ನೇ ನೋಡುತ್ತಿದ್ದ, ತುಟಿಯ ತುದಿಯಲ್ಲಿ ಹುಡುಗಾಟದ ನಗೆ.

"ಕೆಟ್ಟಿರ್ಲಿಲ್ಲ ಸರ್. ಬೇಕೂಂತಲೇ ಸುಮ್ಮನಿದ್ದ."

ನಗೆ ಇಂಗಿಹೋಯಿತು. "ಏಯ್, ನನ್ನ ಮೇಲೆ ಒಂದಿಷ್ಟೂ ಪ್ರೀತಿ ಇಲ್ವಾ ನಿಂಗೆ?"

"ಇದೆ ಕಣೋ." ದನಿ ಒಡೆಯಿತು, ಗಡಗಡ ನಡುಗಿತು. "ಸಂಜೆ ಹೂಂ ಅನ್ನೋಳಿದ್ದೆ."

ಅವನ ಮುಖ ಅರಳಿತು. ಪೆದ್ದ! ಇನ್ನೂ ತಾನೇ ಗೆದ್ದೆ ಅಂದುಕೊಂಡಿದ್ದ.

ಅವಳು ಮೇಜಿನ ಮೇಲಿದ್ದ ನೀರನ್ನು ಒಂದು ಗುಟುಕು ಕುಡಿದಳು. ದನಿ ಸರಿಮಾಡಿಕೊಂಡು ಆಫೀಸರ್ ಕಡೆ ತಿರುಗಿದಳು.

"ಬರ್ಕೊಳ್ಳಿ ಸರ್. ಮೂರು ಸಲ ಕರೆದೆ. ಮೂರು ಸಲವೂ ಅವನಿಗೆ ಕೇಳಿಸಿತ್ತು."